ನೀ ತಂದ ನಿಬಂಧ ನಾ ಕಳಸಲಿಲ್ಲ

ರವಿ ಅಣ್ಣಾ,

ನಾ ಅವ್ವನ ಕೂಡ ಪುಣೆಗಿ ಹೊಂಟೀನಿ. ಆ ಖಾಸಗಿ ಆರ್ಟ್ಸ್ ಕಾಲೇಜಿನವರು ಇಂಟರ್‌ವ್ಯೂಕ್ಕ ಕರದಾರ. ಹಾಲು ಕಾಸಿ ಇಟ್ಟೀನಿ, ಬೆಕ್ಕು ಬರ್ತದ, ಮುಚ್ಚೇ ಇಡು. ಅಪ್ಪಗ ಊಟಾದ ಮ್ಯಾಲ ಬಿಪಿ ಗುಳಗಿ ಕೊಡು, ಅಂಗಡ್ಯಾಗ ಕುಂತ್ರ ಮರೀತಾನ.

ಸಿಟ್ಟಾಗು, ಆದ್ರ ಪೂರಾ ಓದು. ಅರ್ಜಿ ಜೋಡಿ ಕಳಸಲಿಕ್ಕಂತ ನೀ ಲಾತೂರಿನ ಟ್ಯೂಶನ್ ಸರ್ ಕಡಿಂದ ಬರಸಿ ತಂದ ನಿಬಂಧ ನಾ ಕಳಸಲಿಲ್ಲ. ಅದರಾಗಿನ ಹುಡುಗಿ ಸಣ್ಣಾಕಿ ಇದ್ದಾಗಿಂದ ದೇಶಸೇವಾದ ಕನಸು ಕಾಣ್ತಾಳಂತ. ಆಕಿ ಯಾರೋ ನನಗ ಗೊತ್ತಿಲ್ಲ. ನಾ ನಂದೇ ಬರದೆ. ಉಮರ್ಗಾದ ಮರಾಠಿ ಸಾಳ್ಯಾಗ ಬಾಯಿಗೆ ಕನ್ನಡ ಬಂದ್ರ ಹುಡುಗರು ನಗತಿದ್ರು, ಮನ್ಯಾಗ ಮರಾಠಿ ಬಂದ್ರ ಅಜ್ಜಿ ಬೈತಿದ್ದಳು, ಅದನ್ನೆಲ್ಲ ಬರದೆ. "ಇಂಥಾದ್ದು ಓದಿ ನಿನ್ನ ಯಾರು ಕರೀತಾರ?" ಮೊದಲ ಸಲ ತೋರಿಸಿದಾಗ ನೀ ಅಂದಿದ್ದಿ. ಅದನ್ನ ಓದೇ ಕರದಾರ.

ರೊಟ್ಟಿ ಬುಟ್ಟ್ಯಾಗ ಅವ. ಝುಣಕಾಕ್ಕ ನಿನಗಂತ ಖಾರ ಹೆಚ್ಚು ಹಾಕೀನಿ. ಇಂಟರ್‌ವ್ಯೂದಾಗ ಹೇಳಲಿಕ್ಕಂತ ಸರ್ ಬರದು ಕೊಟ್ಟ ಉತ್ತರದ ಹಾಳಿ ಝುಣಕಾದ ಪಾತೇಲಿ ಬುಡಕ ಹಾಸೀನಿ, ಅಡಗಿಮನಿ ಕಟ್ಟಿಗೆ ಎಣ್ಣಿ ಹತ್ತಬಾರದಂತ.

ಫೋನ್ ಮಾಡಿ ಅವ್ವಗ ಬೈಬ್ಯಾಡ. ಅರ್ಧ ದಾರಿಯಿಂದ ನಾವು ತಿರುಗಿ ಬರಂಗಿಲ್ಲ. ಅವರು ಸೀಟು ಕೊಡದಿದ್ರ ಬಿಡಲಿ. ಬ್ಯಾಡ ಅನ್ನೂದಾದ್ರ ನನಗೇ ಬ್ಯಾಡ ಅನ್ನಲಿ.

ಸಪನಾ