ಮಿಡತೆ ಶೆಟ್ಲಿಯ ಬಾಲ

ಅವರ್ಸಾ
ತಾ. ೧೨ ದಶಂಬರ ೧೯೩೪

ತೀರ್ಥಸ್ವರೂಪ ದೇವಿದಾಸಣ್ಣನ ಸನ್ನಿಧಿಗೆ,

ತಮ್ಮ ರಾಮನಾಥನ ಸಾಷ್ಟಾಂಗ ನಮಸ್ಕಾರಗಳು. ಸಾರಿಸಿದ ನೆಲ ಇನ್ನೂ ಒಣಗಿಲ್ಲವಾದ್ದರಿಂದ ಅಷ್ಟ ಅಂಗಗಳಲ್ಲಿ ಎರಡನ್ನು ಮಾತ್ರ ಊರಿದ್ದೇನೆ. ನಿನ್ನ ಕಾಗದ ಬಂದು ತಿಂಗಳು ಮೀರಿತು. ಉತ್ತರ ತಡವಾದುದಕ್ಕೆ ಕ್ಷಮಿಸು. ಸುಗಂಧಾಳ ಬಲಗೈಯ ತೋರುಬೆರಳು ಮಡಚುವುದಿಲ್ಲ. ಕಾರಣ ಅದೇ. ಕ್ರಮವಾಗಿ ಬರೆಯುತ್ತೇನೆ.

ಮುಂಬಯಿಯ ನಿನ್ನ ಕಾಲೇಜಿನಲ್ಲಿ ಸ್ಪಿರಿಟ್ಟಿನಲ್ಲಿಟ್ಟ ಮಿಡತೆ ಶೆಟ್ಲಿ ಬಣ್ಣಗೆಟ್ಟಿದೆ, ಜೀವಂತ ಇರುವುದನ್ನು ನೋಡಿ ತಂಗಿ ಸುಗಂಧಾಳಿಂದ ಹೊರಮೈಯ ಚಿತ್ರ ಬಿಡಿಸಿ ಕಳಿಸು ಎಂದಿದ್ದೆ. ನಾನು ಬೆಳಂಬಾರದ ದಂಡೆಗೆ ಹೋಗಿ ರಂಪಣಿ ಬಲೆಯ ಹಗ್ಗ ಎಳೆದೆ. ಎಳೆದವರಿಗೆಲ್ಲ ಮೀನಿನ ಪಾಲುಂಟು. ನನಗೆ ಬಂಗಡೆ ಬೇಡ, ಮರಳಿಗೆ ಎಸೆಯುವ ಆ ಶೆಟ್ಲಿ ಕೊಡು ಎಂದೆ. ಬಲೆ ಎಳೆಸುವ ಜಟ್ಟು ನನ್ನ ಮುಖ ನೋಡಿ, "ಒಡೇರ ಮಗಂಗೆ ತಲೆ ತಿರ್ಗಿದೆ" ಎಂದು ಮೂರು ಹಾಕಿದ.

ಆ ಮಹನೀಯರ ವರ್ಣನೆ ಕೇಳು. ಸಿಗಡಿಯ ಜಾತಿಯೇ, ಆದರೆ ಗೇಣುದ್ದ, ಚಪ್ಪಟೆ ಮೈ. ಕಣ್ಣು ಕಡ್ಡಿಯ ತುದಿಯಲ್ಲಿ. ಒಂದು ನನ್ನನ್ನೂ ಇನ್ನೊಂದು ಸುಗಂಧಾಳನ್ನೂ ಒಟ್ಟಿಗೇ ನೋಡಿತು. ಮೊದಲ ಜೋಡಿ ಮೀಸೆಗೆ ತಲಾ ಮೂರು ಕವಲು. ಬೆನ್ನಿನ ಚಿಪ್ಪು ಗಿಡ್ಡ, ಹೋದ ವರ್ಷದ ಅಂಗಿಯಂತೆ ಎದೆಯ ಹಿಂದಿನ ಗೆಣ್ಣುಗಳನ್ನು ಮುಚ್ಚುವುದಿಲ್ಲ. ಬಾಯಿಯ ಬಳಿ ಐದು ಜೋಡಿ ಕಾಲು. ಅದರಲ್ಲಿ ಎರಡನೆಯದು ದೊಡ್ಡದು, ಮಡಚಿದ ಚೂರಿಯಂಥದು, ಒಳಗೆ ಹಲ್ಲು. ನಡೆಯಲು ಮೂರು ಜೋಡಿ. ಹೊಟ್ಟೆಯಡಿ ಈಜಲು ಐದು ಜೋಡಿ, ಅವಕ್ಕೇ ಅಂಟಿಕೊಂಡ ಜಾಲರಿಯಂಥ ಕಿವಿರು. ಇಷ್ಟನ್ನು ಸುಗಂಧಾ ಎರಡು ದಿನ ಕೂತು ಬಿಡಿಸಿದಳು. ಬಾಲ ಉಳಿಯಿತು.

ಉಪ್ಪುನೀರಿನ ಮಡಕೆಯಲ್ಲಿ ಎರಡು ಸತ್ತವು. ಮೂರನೆಯ ದಿನ ನನಗೆ ಲಹರಿ ಬಂತು. ಆಯುಧ ಆ ಮಡಚುವ ಕಾಲಿನಲ್ಲಿದೆ ಎಂದು ನೀನು ಬರೆದಿದ್ದೆ. ಬದುಕಿದ್ದ ಒಂದರ ಆ ಜೋಡಿ ಕಾಲನ್ನು ಕತ್ತರಿಯಿಂದ ತೆಗೆದೆ. ನಿರಾಯುಧರಾದ ಮಹನೀಯರನ್ನು ಅವಳ ಪೆನ್ಸಿಲಿನ ಡಬ್ಬಿಯಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಿದೆ. ಅವಳು ನೋಡದೆ ಕೈ ಹಾಕಿದಳು. ಅದು ಮೈ ಮಡಚಿ ಬಾಲ ಬೀಸಿತು. ಬಾಲದ ಅಂಚಿಗೆಲ್ಲ ಮುಳ್ಳು. ಬೆರಳ ಬುಡ ಸೀಳಿತು.

ಅವಳು ಕೂಗಲಿಲ್ಲ. "ರಾಮೂ, ಇದ್ನ ನೀ ಇಟ್ಟದ್ದಾ?" ಎಂದಳು. ನಾನು ನಗುತ್ತಲೇ ಇದ್ದೆ. ನಿಲ್ಲಿಸಬೇಕೆಂದು ನೆನಪಾಗಲಿಲ್ಲ.

ವಾರದೊಳಗೆ ಕೈ ಊದಿತು. ಕಾರವಾರದ ಡಾಕ್ಟರು ಕೊಯ್ದು ಕೀವು ತೆಗೆದರು. ಅಪ್ಪ ಕೇಳಿದಾಗ, "ನಾನೇ ಎತ್ತೂಕೆ ಹೋದೆ ಅಪ್ಪಾ. ಬಾಲ ನೋಡ್ಬೇಕಿತ್ತು" ಎಂದಳು. ಅಪ್ಪ ನನ್ನ ಕಡೆ ನೋಡಿದರು. ಹೌದೆಂದು ತಲೆಯಾಡಿಸಿದೆ. ಜಟ್ಟು ಒಬ್ಬನಿಗೆ ನಿಜ ಹೇಳಿದೆ. "ಮುಂದಿನ ಕಾಲು ತೆಗ್ದ್ರಾ? ನಾವು ಬಲೆಯಿಂದ ಬಿಡ್ಸುವಾಗ ಮೊದ್ಲು ಬಾಲ ತುಳಿಯೂದು. ನಿಮ್ಮ ಪುಸ್ತಕದಲ್ಲಿ ಅದೆಲ್ಲ ಬರೂದಿಲ್ವಾ?" ಎಂದ. ಬರುತ್ತದೆ ಅಣ್ಣ. ನಿನ್ನ ಕಾಗದದ ಮೂರನೆಯ ಹಾಳೆಯಲ್ಲೇ ಇತ್ತು. ನಾನು ಎರಡನೆಯದಕ್ಕೇ ನಿಲ್ಲಿಸಿದ್ದೆ.

ಜನವರಿಯಲ್ಲಿ ಅವಳ ಡ್ರಾಯಿಂಗ್ ಪರೀಕ್ಷೆ. ಪಾಸಾದರೆ ಶಾಲೆಯಲ್ಲಿ ಚಿತ್ರ ಕಲಿಸಲು ಕಳಿಸುತ್ತೇನೆ, ಇಲ್ಲದಿದ್ದರೆ ಬೇಸಗೆಯಲ್ಲಿ ಮದುವೆ ಎಂದು ಅಪ್ಪ ಮೊದಲೇ ಹೇಳಿದ್ದು ನಿನಗೆ ಗೊತ್ತು. ಗಾಯ ಮಾಗಿದೆ. ಅವ್ವಿ ದಿನಾ ಕೊಬ್ಬರಿ ಎಣ್ಣೆ ತಿಕ್ಕುತ್ತಾಳೆ. ನಾನು ಉಣ್ಣುತ್ತೇನೆ, ಮಲಗುತ್ತೇನೆ. ಹದಿನೈದು ದಿನದಿಂದ ಯಾರಿಗೂ ಏನೂ ಕೀಟಲೆ ಮಾಡಿಲ್ಲವೆಂದು ಅವ್ವಿ ನನ್ನ ಹಣೆ ಮುಟ್ಟಿ ಜ್ವರ ನೋಡಿದಳು.

ಚಿತ್ರ ಇದರೊಂದಿಗಿದೆ. ಬಾಲ ನಾನು ಬಿಡಿಸಿದ್ದು, ಗುಡಿಸುವ ಹಿಡಿಸೂಡಿಯಂತಿದೆ. ತಿದ್ದಿಕೋ.

ಅಪ್ಪ ಅವ್ವಿಯರ ಆಶೀರ್ವಾದ. ಬೋರ್ಡಿಂಗಿನ ಅನ್ನ ತಿಂದು ಸೊರಗಬೇಡವೆಂದು ಅವ್ವಿ ಬರೆಸಿದ್ದಾಳೆ.

ವಿಧೇಯ (ರೂಢಿಗಾಗಿ ಬರೆದದ್ದು) ತಮ್ಮ,
ರಾಮನಾಥ

ತಾ.ಕ.: ಸೋಮವಾರ ಅವಳನ್ನು ಮತ್ತೆ ಕಾರವಾರಕ್ಕೆ ಕರೆದೊಯ್ದಿದ್ದೆ. ಡಾಕ್ಟರು ಅವಳ ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಸೂಜಿ ಚುಚ್ಚಿದಾಗ ಹೇಳು ಎಂದರು. ಬೆರಳ ತುದಿಯಿಂದ ಬುಡದವರೆಗೆ ಐದು ಕಡೆ ಚುಚ್ಚಿದರು. ರಕ್ತ ಹನಿಯಿತು. ಸುಗಂಧಾ ಹೊರಗೆ ನೋಡುತ್ತಲೇ, "ಶುರು ಮಾಡಿ ಡಾಕ್ಟರೇ, ನಂಗೆ ಹೆದ್ರಿಕೆ ಇಲ್ಲ" ಎಂದಳು. ಡಾಕ್ಟರು ನನ್ನನ್ನು ನೋಡಿದರು. "ಈಗ ಮಾಡ್ತಾರೆ" ಎಂದೆ.