ಸಾಸಿವೆಯಷ್ಟು ಅಕ್ಷರ

ಅಣ್ಣಾ,

ಹೊಲಿಗೆ ಅಂಗಡಿಗೆ ಬೇಗ ಹೊರಟಿದ್ದೇನೆ. ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ತಿನ್ನು.

ಡಬ್ಬಿಗಳ ಮುಚ್ಚಳ ಯಾರು ಸಡಿಲ ಮಾಡಿಡುತ್ತಿದ್ದಾರೆ? ಕೇಳಿದರೆ "ನಾನ್ಯಾಕೆ ಮುಟ್ಲಿ" ಅಂತೀಯ. ಮನೆಯಲ್ಲಿ ಇರುವುದೇ ಇಬ್ಬರು. ಸಂಧಿವಾತ ಅಂದಮಾತ್ರಕ್ಕೆ ನನ್ನ ಕೈಯೇನೂ ಬಿದ್ದುಹೋಗಿಲ್ಲ. ಬೆರಳ ಗಂಟುಗಳು ಬೆಳಿಗ್ಗೆ ಒಂದು ಗಂಟೆ ಹಠ ಮಾಡುತ್ತವೆ, ಆಮೇಲೆ ಮಾತು ಕೇಳುತ್ತವೆ. ಸಕ್ಕರೆಗೆ ಇರುವೆ ಹತ್ತಿದೆ, ಅದೊಂದನ್ನು ಬಿಗಿ ಮಾಡು. ಮಿಕ್ಕವು ಹಾಗೇ ಇರಲಿ.

ಈಗ ನಿನ್ನ ವಿಷಯ. ತಿಂಗಳಿಂದ "ಅರ್ಧ ಲೋಟ ಟೀ ಸಾಕು ಕಣೇ" ಅಂತಿದ್ದೀಯ. ಗುಂಡಿ ಇರುವ ಅಂಗಿಗಳೆಲ್ಲ ಕಪಾಟು ಸೇರಿವೆ. ಹೆಂಗಸರ ಸಣ್ಣ ವಾಚು ತಂದವರನ್ನು ಟೈಮಿಲ್ಲ ಅಂತ ವಾಪಸು ಕಳಿಸುತ್ತೀಯಂತೆ. ನಿನ್ನ ಅಂಗಡಿ ಪಕ್ಕದ ಕನ್ನಡಕದವರು ಹೇಳಿದರು. ವಾಚ್ ರಿಪೇರಿ ಮಾಡುವವನಿಗೇ ಟೈಮಿಲ್ಲವಂತೆ. ನನ್ನ ಕಿವಿ ಮೇಲೆ ಹೂ ಇಡಬೇಡ.

ನಿನ್ನೆ ನೀನು ಬರೆದಿಟ್ಟ ಚೀಟಿಯನ್ನು ಎತ್ತಿಟ್ಟಿದ್ದೇನೆ. ಮೊದಲ ಸಾಲು ನಿನ್ನ ಎಂದಿನ ಅಕ್ಷರ. ಬರಬರುತ್ತಾ ಸಾಸಿವೆಯಷ್ಟಾಗಿದೆ. ಕೊನೆಯ ಸಾಲನ್ನು ನಿನ್ನ ಭೂತಗನ್ನಡಿ ಹಿಡಿದೇ ಓದಿದೆ. "ಕೈ ಹುಷಾರು" ಅಂತಿತ್ತು. ಯಾರ ಕೈ?

ಗುರುವಾರ ನರರೋಗದ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ನಾನೂ ಬರುತ್ತೇನೆ. ನೀನು ಬರುತ್ತೀಯೋ ಇಲ್ಲವೋ, ಇದರ ಹಿಂದೆಯೇ ಬರೆದಿಡು, ನಾಲ್ಕು ಸಾಲಾದರೂ ಇರಲಿ. ಫೋನ್ ಮಾಡಬೇಡ. ಫೋನಿನಲ್ಲಿ ನಿನ್ನ ಅಕ್ಷರ ಕಾಣುವುದಿಲ್ಲ.