ಖಾಲಿ ಹೋದ ಬೋಗಿ

ಮನೆ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನವರ ಕೆಮ್ಮು ಇಳಿಯಿತೇ? ಬಿಸಿನೀರು ಕುಡಿಯಲು ಹೇಳಿದರೆ ಅವರು ಮುಖ ಸಿಂಡರಿಸುತ್ತಾರೆಂದು ಗೊತ್ತು, ಆದರೂ ಹೇಳು. ಇಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನಿನ್ನೆ ಪಟ್ಟಿ ಬಿಚ್ಚಿ ಕಪ್ಪು ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಪೊಲೀಸ್ ಅಧಿಕಾರಿಯ ಹಾಗೆ ಕುರ್ಚಿಯಲ್ಲಿ ಕೂತಿದ್ದಾಳೆ. ಕಿವಿಯಂತೂ ಮೊದಲಿಗಿಂತ ಚುರುಕು. ಫೋನಿನಲ್ಲಿ ಮಾತಾಡಿದರೆ ಎಲ್ಲವೂ ಕೇಳಿಸುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಗುರುವಾರ ನೀನು ಸ್ಟೇಷನ್ನಿಗೆ ಹೋಗಿ, ಸಾಲಿನಲ್ಲಿ ನಿಂತು, ಸೀಟಿಲ್ಲ ಅನ್ನಿಸಿಕೊಂಡು ವಾಪಸಾದೆಯಲ್ಲ, ಆ ರೈಲಿನಲ್ಲಿ ಸೀಟಿತ್ತು ಅಕ್ಕಾ. ಬೇಕಾದಷ್ಟಿತ್ತು. ನನ್ನ ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ ಕಂಪ್ಯೂಟರಿನದು ಎಂದು ಹೇಳಿ ಮುಗಿಸುತ್ತಿದ್ದೆ. ಈ ಸಲ ಬಿಡಿಸಿ ಹೇಳಬೇಕು. ಊರೂರಿನ ಟಿಕೆಟ್ ಕೌಂಟರುಗಳಿಂದ ಬರುವ ಪ್ರಶ್ನೆಗಳೆಲ್ಲ ನಮ್ಮ ಕಚೇರಿಯ ಮೇನ್‌ಫ್ರೇಮ್‌ಗೆ, ಅಂದರೆ ಬೀರುವಿನಷ್ಟು ದೊಡ್ಡ ಕಂಪ್ಯೂಟರಿಗೆ ಬರುತ್ತವೆ. ಅಂಥವು ಎರಡಿವೆ. ಇಷ್ಟು ವರ್ಷ ಒಂದೇ ದುಡಿಯುತ್ತಿತ್ತು, ಇನ್ನೊಂದು ಆಪತ್ತಿಗಿರಲಿ ಎಂದು ಸುಮ್ಮನೆ ಕೂತಿತ್ತು. ಹೊರೆಯನ್ನು ಎರಡಕ್ಕೂ ಹಂಚಿ ಎಂದು ಸಾಹೇಬರು ಹೇಳಿದರು. ಯಾವುದು ಬಿಡುವಾಗಿದೆಯೋ ಅದಕ್ಕೆ ಮುಂದಿನ ಪ್ರಶ್ನೆ ಹೋಗಬೇಕು. ಆ ನೆಟ್‌ವರ್ಕ್ ಸೆಟ್ಟಿಂಗ್ ಮಾಡಿದವಳು ನಾನು. ಪರೀಕ್ಷೆ ಮಾಡಿದಾಗ ಎಲ್ಲ ಸರಿಯಾಗಿಯೇ ಇತ್ತು.

ಗುರುವಾರ ಬೆಳಿಗ್ಗೆ ಎರಡನೆಯದಕ್ಕೆ ಸೀಟುಗಳ ಮಾಹಿತಿ ಸಿಗುವುದು ನಿಂತುಹೋಯಿತು. ಅದು ಕೆಟ್ಟು ಮಲಗಿದ್ದರೆ ಗೊತ್ತಾಗುತ್ತಿತ್ತು. ಮಲಗಲಿಲ್ಲ, ಕೇಳಿದವರಿಗೆಲ್ಲ ಸೀಟಿಲ್ಲ, ಸೀಟಿಲ್ಲ ಎಂದು ಹೇಳುತ್ತಾ ಹೋಯಿತು. ಇಲ್ಲ ಅನ್ನಲು ಎಷ್ಟು ಹೊತ್ತು ಬೇಕು? ಹುಡುಕುವ ಕೆಲಸವೇ ಇಲ್ಲದ್ದರಿಂದ ಅದು ಯಾವಾಗ ನೋಡಿದರೂ ಬಿಡುವಾಗಿ ಕಾಣುತ್ತಿತ್ತು. ಬಿಡುವಾಗಿದೆಯೆಂದು ಇನ್ನಷ್ಟು ಪ್ರಶ್ನೆಗಳು ಅದಕ್ಕೇ ಹೋದವು. ಮಧ್ಯಾಹ್ನದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಕೌಂಟರುಗಳಿಗೂ ಅದೇ ಉತ್ತರ. ರೈಲು ತುಂಬಿರುವುದು ಹೊಸ ವಿಷಯವೇ? ಜನ ಗೊಣಗಿಕೊಂಡು ಮನೆಗೆ ಹೋದರು, ಯಾರೂ ದೂರು ಕೊಡಲಿಲ್ಲ. ಕೊನೆಗೆ ನೀನು ಬರಬೇಕಿದ್ದ ರೈಲಿನ ಟಿ.ಟಿ.ಯೇ ಫೋನ್ ಮಾಡಿ, ‘ಏನ್ರೀ ಇದು, ಬೋಗಿಗೆ ಬೋಗಿನೇ ಖಾಲಿ ಹೊಡೀತಿದೆ?’ ಎಂದ. ಆಗ ನಮ್ಮ ಕಣ್ಣು ತೆರೆಯಿತು. ಎರಡನೆಯದನ್ನು ಹಂಚಿಕೆಯಿಂದ ತೆಗೆದುಹಾಕಿದೆ. ಬರೀ ಬಿಡುವು ನೋಡಿದರೆ ಸಾಲದು, ಕೈಯಲ್ಲಿ ಮಾಹಿತಿ ಇದೆಯೇ ಎಂದೂ ನೋಡಿಯೇ ಕೆಲಸ ಕೊಡುವಂತೆ ಸೆಟ್ಟಿಂಗ್ ಬದಲಿಸಿದೆ. ಸಾಹೇಬರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಎಲ್ಲ ಮುಗಿಸಿ ಫೋನ್ ನೋಡಿದರೆ ನಿನ್ನ ಸಂದೇಶ, ಸೀಟು ಸಿಗಲಿಲ್ಲ ಎಂದು. ರೈಲು ಹೊರಟು ಆಗಲೇ ಎಷ್ಟೋ ಹೊತ್ತಾಗಿತ್ತು.

ಅಮ್ಮನಿಗೆ ಸೀಟು ಸಿಗಲಿಲ್ಲವಂತೆ, ನೀನು ಬರುವುದಿಲ್ಲ ಎಂದಷ್ಟೇ ಹೇಳಿದೆ. ‘ಸೀಟಿಲ್ಲ ಅನ್ನೋದೆಲ್ಲ ನೆಪ. ದೊಡ್ಡವಳಿಗೆ ಬರೋ ಮನಸ್ಸಿಲ್ಲ’ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನ ಆಪರೇಷನ್, ನನಗೋ ವಿವರಿಸುವ ತ್ರಾಣವಿರಲಿಲ್ಲ. ನೀನು ಫೋನ್ ಮಾಡಿದಾಗ ಅವಳು ಮಾತಾಡದೇ ಇದ್ದದ್ದು ಅದಕ್ಕೆ. ನಿನ್ನೆ ಸಂಜೆ ಕೂರಿಸಿಕೊಂಡು ಎಲ್ಲ ಹೇಳಿದೆ. ಅಷ್ಟೂ ಕೇಳಿ ಅವಳು ಹಿಡಿದದ್ದು ಒಂದೇ ಮಾತು:

‘ಹಾಗಾದ್ರೆ ಅವಳು ಸ್ಟೇಷನ್ನಿಗೆ ಹೋಗಿದ್ಲಾ?’

ಹೋಗಿದ್ದಳು ಎಂದೆ.

‘ಆ ಮಂಡಿ ಇಟ್ಕೊಂಡು ಸಾಲಿನಲ್ಲಿ ನಿಂತಿದ್ಲಾ?’

ನಿಂತಿದ್ದಳು ಎಂದೆ. ಕನ್ನಡಕ ತೆಗೆಯಲು ಹೋದಳು, ಕಣ್ಣು ಒರೆಸಬಾರದು ಎಂದು ಕೈ ಹಿಡಿದುಕೊಂಡೆ. ಈಗ ಬೆಳಗಿನಿಂದ ನಿನ್ನ ಫೋನಿಗೆ ಕಾಯುತ್ತಿದ್ದಾಳೆ. ತಾನಾಗಿ ಮಾಡುವವಳಲ್ಲ, ಗೊತ್ತಲ್ಲ. ಕಾಗದ ಸಿಕ್ಕ ಕೂಡಲೇ ನೀನೇ ಮಾಡು.

ಭಾವನವರಿಗೆ ನಮಸ್ಕಾರ ಹೇಳು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ
ಪುಟ್ಟಿ

ತಾ.ಕ.: ಕಾಗದ ಮಡಿಸಿ ಮತ್ತೆ ಬಿಚ್ಚಿದೆ. ಬರುವಾಗ ಎರಡು ದಿನದ ಮಟ್ಟಿಗೆ ಬರಬೇಡ. ಅಮ್ಮನನ್ನು ಕರೆದುಕೊಂಡು ಹೋಗಿ ಕೆಲವು ತಿಂಗಳು ನಿನ್ನ ಹತ್ತಿರ ಇಟ್ಟುಕೊಳ್ಳುತ್ತೀಯಾ? ಅವಳಿಂದ ನನಗೇನೂ ಕಿರಿಕಿರಿಯಿಲ್ಲ, ನನ್ನ ಕೈಲೇ ಆಗುತ್ತಿಲ್ಲ. ನಿನ್ನೆ ಅವಳ ಕಣ್ಣಿಗೆ ಔಷಧಿ ಹಾಕುತ್ತಾ ನಿಂತಲ್ಲೇ ನನಗೆ ಜೊಂಪು ಹತ್ತಿತು, ಹನಿ ಕೆನ್ನೆಗೆ ಬಿತ್ತು. ಬೈಯಲಿಲ್ಲ. ‘ಹೋಗಿ ಸ್ವಲ್ಪ ಮಲಕ್ಕೋ, ಆಮೇಲೆ ಹಾಕು’ ಎಂದಳು. ಇದನ್ನು ನಿನಗೆ ಎಷ್ಟೋ ದಿನದಿಂದ ಕೇಳಬೇಕೆಂದಿದ್ದೆ. ಆಗುವುದಿಲ್ಲ ಅನ್ನುವುದಾದರೂ ಬಂದು ಹೇಳು.